ಮಂಕಾದ ಫೈಬರ್ ದೋಣಿಗೆ ಮತ್ತೆ ಹೊಳಪು

ಹತ್ತಾರು ಬೇಸಿಗೆ ಕಂಡ ಫೈಬರ್ ದೋಣಿಯ ಬದಿಯನ್ನು ಅಂಗೈಯಿಂದ ಸವರಿದರೆ ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಅದು ದೋಣಿಯ ಹೊರಮೈಯೇ ಸವೆದು ಬಂದ ಪುಡಿ. ಇಂಥ ದೋಣಿಯನ್ನು ಅಚ್ಚಿನಲ್ಲಿ ತಯಾರಿಸುವಾಗ ಮೊದಲು ಹಚ್ಚುವ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಅದರ ಮೇಲ್ಮೈಯನ್ನು ಶಿಥಿಲಗೊಳಿಸಿದಾಗ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಮೂಡಿ, ಬೆಳಕು ಚದುರಿ, ಬಣ್ಣ ಬಿಳಿಚಿಕೊಂಡಂತೆ ತೋರುತ್ತದೆ. ಬಿಳಿ ದೋಣಿಗಿಂತ ಕೆಂಪು, ನೀಲಿ ದೋಣಿಗಳಲ್ಲಿ ಇದು ಬೇಗ ಎದ್ದು ಕಾಣುತ್ತದೆ.

ಜೆಲ್‌ಕೋಟ್ ಹೊಸದಾಗಿದ್ದಾಗಲೇ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ಪ್ರತಿ ಬಾರಿ ಉಜ್ಜಿದಾಗಲೂ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಆದ್ದರಿಂದ ಎಷ್ಟು ಕಡಿಮೆ ತೆಗೆದು ಹೊಳಪು ತರಬಹುದು ಎಂಬುದರಲ್ಲೇ ಈ ಕೆಲಸದ ಜಾಣ್ಮೆಯಿದೆ.

ಮೊದಲು ದೋಣಿಯನ್ನು ಸಿಹಿನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು ಉಪ್ಪನ್ನು ಪೂರ್ತಿಯಾಗಿ ಕಳೆಯಬೇಕು; ಉಪ್ಪಿನ ಹರಳು ಉಳಿದರೆ ಮುಂದೆ ಉಜ್ಜುವಾಗ ಅದೇ ಗೀರು ಹಾಕುತ್ತದೆ. ತುಕ್ಕಿನ ಕಲೆಗಳಿಗೆ ಆಕ್ಸಾಲಿಕ್ ಆಮ್ಲವಿರುವ ಕ್ಲೀನರ್ ತಕ್ಕದ್ದು. ಕೈಗವಸು, ಕನ್ನಡಕ ಧರಿಸಿಯೇ ಅದನ್ನು ಬಳಸಬೇಕು, ಬ್ಲೀಚಿನೊಂದಿಗೆ ಎಂದೂ ಬೆರೆಸಬಾರದು. ಹಳೆಯ ಮೇಣವಿದ್ದರೆ ವ್ಯಾಕ್ಸ್ ತೆಗೆಯುವ ದ್ರಾವಣದಿಂದ ಒರೆಸಬೇಕು.

ಬಳಿಕ ಒಣಗಿದ ಮೈಮೇಲೆ ಒಂದಿಷ್ಟು ನೀರು ಚಿಮುಕಿಸಿ ನೋಡಿ. ಒದ್ದೆಯಾದ ಜಾಗದಲ್ಲಿ ಹಳೆಯ ಬಣ್ಣ ಗಾಢವಾಗಿ ಮರಳಿದರೆ ಜೆಲ್‌ಕೋಟ್ ಇನ್ನೂ ಉಳಿದಿದೆ ಎಂದು ತಿಳಿಯಬಹುದು. ಒಳಗಿನ ನಾರಿನ ನೇಯ್ಗೆ ಇಣುಕುತ್ತಿದ್ದರೆ ಪಾಲಿಶ್‌ನಿಂದ ಪ್ರಯೋಜನವಿಲ್ಲ. ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಪಾಲಿಯುರಿಥೇನ್ ಪೇಂಟ್ ಅಥವಾ ಹೊಸ ಜೆಲ್‌ಕೋಟ್ ಬೇಕಾಗುತ್ತದೆ.

ಎಲ್ಲಿಂದ ಆರಂಭಿಸಬೇಕೆಂಬುದನ್ನು ಒಂದು ಮೂಲೆಯಲ್ಲಿ ಪರೀಕ್ಷಿಸಿ ನಿರ್ಧರಿಸಬೇಕು. ಅಲ್ಲಿ ಮೊದಲು ಪಾಲಿಶ್, ಅದು ಸಾಲದಿದ್ದರೆ ರಬ್ಬಿಂಗ್ ಕಾಂಪೌಂಡ್ (ಪಾಲಿಶ್‌ಗಿಂತ ತುಸು ಒರಟಾದ, ಉಜ್ಜುವ ಪೇಸ್ಟ್), ಅದಕ್ಕೂ ಬಗ್ಗದಿದ್ದರೆ ಮಾತ್ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಎಂಬ ಕ್ರಮದಲ್ಲಿ ಸಾಗುವುದು ಒಳ್ಳೆಯದು. ನೇರವಾಗಿ ವಾಟರ್ ಪೇಪರ್ ಹಿಡಿಯುವ ಆತುರದಿಂದಲೇ ಎಷ್ಟೋ ದೋಣಿಗಳ ಜೆಲ್‌ಕೋಟ್ ಅಕಾಲದಲ್ಲಿ ತೆಳುವಾಗುತ್ತದೆ.

ಉಜ್ಜಲೇಬೇಕಾದ ಸ್ಥಿತಿಯಲ್ಲಿ 800 ನಂಬರಿನ ಕಾಗದದಿಂದ ತೊಡಗಿ 1000, 1500, ಕೊನೆಗೆ 2000ಕ್ಕೆ ಹೋಗಬೇಕು; ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ಸಾಬೂನು ಹಾಕಿ, ಕಾಗದವನ್ನು ರಬ್ಬರ್ ಬ್ಲಾಕಿಗೆ ಸುತ್ತಿ, ಮೇಲ್ಮೈ ಸದಾ ಒದ್ದೆಯಾಗಿರುವಂತೆ ಹಗುರವಾಗಿ ಉಜ್ಜಬೇಕು. ಬರಿ ಬೆರಳಿನಿಂದ ಒತ್ತಿದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಒಂದು ನಂಬರಿನಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನದರಲ್ಲಿ ಉದ್ದಕ್ಕೆ ಉಜ್ಜುವುದು ವಾಡಿಕೆ, ಏಕೆಂದರೆ ಹಿಂದಿನ ಗೀರು ಪೂರ್ತಿ ಹೋಗಿದೆಯೇ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಟೇಪ್ ಅಂಟಿಸಿಟ್ಟು, ಕಡೆಗೆ ಕೈಯಿಂದಲೇ ಮೃದುವಾಗಿ ಮುಗಿಸಬೇಕು. ಕದಡಿದ ನೀರು ಹೊಳೆಗೋ ಕಡಲಿಗೋ ಹರಿಯದಂತೆ ನೋಡಿಕೊಳ್ಳಿ.

ಕಾಂಪೌಂಡ್ ಹಂತಕ್ಕೆ ಉಣ್ಣೆಯ ಪ್ಯಾಡ್ ಹಾಕಿದ ಬಫಿಂಗ್ ಯಂತ್ರ ಬೇಕು. ಎರಡು ಅಡಿ ಚೌಕದಷ್ಟು ಜಾಗವನ್ನು ಒಮ್ಮೆಗೆ ತೆಗೆದುಕೊಂಡು, ಕಡಿಮೆ ವೇಗದಲ್ಲಿ, ಪ್ಯಾಡನ್ನು ಒಂದೆಡೆ ನಿಲ್ಲಿಸದೆ ಸರಿಸುತ್ತಿರಬೇಕು. ನಿಂತಲ್ಲಿ ಶಾಖ ಹೆಚ್ಚಿ ಜೆಲ್‌ಕೋಟ್ ಸುಡುತ್ತದೆ. ಹೊಸಬರಿಗೆ, ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಯಂತ್ರ ಹೆಚ್ಚು ಸುರಕ್ಷಿತ, ನಿಧಾನವೆಂಬುದು ಬೇರೆ ಮಾತು. ನಂತರ ಸ್ಪಂಜಿನ ಪ್ಯಾಡಿನಲ್ಲಿ ನಯವಾದ ಪಾಲಿಶ್ ಹಾಕಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಇದನ್ನೆಲ್ಲ ನೆರಳಿನಲ್ಲಿ, ಮೈ ತಣ್ಣಗಿರುವಾಗ ಮಾಡಬೇಕು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್–ಜುಲೈ ತಿಂಗಳುಗಳಲ್ಲಿ ದೋಣಿಗಳು ದಡದಲ್ಲಿರುತ್ತವೆಯಾದರೂ, ಅದು ಮಳೆಗಾಲವಾದ್ದರಿಂದ ಸುತ್ತ ಮುಚ್ಚಿದ ಶೆಡ್ಡಿಲ್ಲದವರು ಆಗ ಮೇಣದ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಪಾಲಿಶ್ ಮಾಡಿದ ಮೈಗೆ ರಕ್ಷಣೆಯಿಲ್ಲದಿದ್ದರೆ ಪುಡಿ ಮತ್ತೆ ಏಳುತ್ತದೆ. ಕಾರ್ನೌಬಾ ಮೇಣವನ್ನೋ (ಒಂದು ಬಗೆಯ ತಾಳೆಯ ಎಲೆಯಿಂದ ಬರುವ ಮೇಣ) ಪಾಲಿಮರ್ ಸೀಲಂಟನ್ನೋ (ಮೇಣದಂತೆಯೇ ಹಚ್ಚುವ ಕೃತಕ ರಕ್ಷಕ ಲೇಪ) ತೆಳುವಾಗಿ ಎರಡು ಸಲ ಹಚ್ಚಿ, ನಮ್ಮ ಬಿಸಿಲಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ನವೀಕರಿಸಬೇಕು. ನೀರಿನ ಗೆರೆಯ ಕೆಳಗೆ ಪಾಚಿ ಕಟ್ಟದಂತೆ ಬಳಿಯುವ ಪೇಂಟಿನ ಮೇಲೂ, ನಡೆದಾಡುವ ಡೆಕ್ಕಿನ ಮೇಲೂ ಮೇಣ ಹಚ್ಚಬಾರದು: ಮೊದಲನೆಯ ಕಡೆ ಅದು ಪೇಂಟಿನ ಕೆಲಸಕ್ಕೆ ಅಡ್ಡಿಯಾಗುತ್ತದೆ, ಎರಡನೆಯ ಕಡೆ ಕಾಲು ಜಾರುತ್ತದೆ.