ಕಲೆ ಮತ್ತು ವಿನ್ಯಾಸದ ವ್ಯವಹಾರವನ್ನು ಕಲಿಯುವ ಬಗೆ: ಮೈಸೂರಿನ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಮೈಸೂರಿನಲ್ಲಿ ಚಿತ್ರ ಬರೆಯುವುದನ್ನು ಕಲಿಸುವವರಿಗೆ ಕೊರತೆಯಿಲ್ಲ. ಕಾವಾ ಎಂದೇ ಎಲ್ಲರೂ ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ, ಸಾಂಪ್ರದಾಯಿಕ ಶೈಲಿಯ ಹಿರಿಯ ಕಲಾವಿದರ ಮನೆಗಳಿವೆ, ಬೀಟೆ ಮರದ ಇನ್‌ಲೇ (ಮರದಲ್ಲಿ ಕೆತ್ತಿ ಬೇರೆ ತುಂಡುಗಳನ್ನು ಕೂರಿಸುವ) ಕೆಲಸದ ಕಾರ್ಯಾಗಾರಗಳಿವೆ. ಆದರೆ ಬರೆದ ಚಿತ್ರಕ್ಕೆ ಬೆಲೆ ಕಟ್ಟುವುದು, ಅಂಗಡಿಯವರೊಡನೆ ಕರಾರು ಮಾಡಿಕೊಳ್ಳುವುದು, ಹಕ್ಕನ್ನು ಉಳಿಸಿಕೊಳ್ಳುವುದು, ಒಂದು ಪ್ರದರ್ಶನವನ್ನು ನಷ್ಟವಿಲ್ಲದೆ ನಡೆಸುವುದು ಇವೆಲ್ಲವೂ ಕಲಿಯಬೇಕಾದ ವಿದ್ಯೆಗಳೇ ಎಂಬ ಅರಿವು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಬೇರೂರಿಲ್ಲ. ಈ ದಿಕ್ಕಿನಲ್ಲಿ ಓದಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕೋರ್ಸ್ ಸೇರಬೇಕೆಂದು. ಆ ಪ್ರಶ್ನೆಯನ್ನು ಕೆಲವು ತಿಂಗಳ ಮಟ್ಟಿಗೆ ಮುಂದಕ್ಕೆ ಹಾಕಿ, ಮೊದಲು ಒಂದೇ ಒಂದು ಕಲಾವಸ್ತುವಿನ ಹಣಕಾಸಿನ ದಾರಿಯನ್ನು ಆರಂಭದಿಂದ ಕೊನೆಯವರೆಗೆ ಅಭ್ಯಾಸ ಮಾಡಿ ಎಂಬುದು ನನ್ನ ಸಲಹೆ.

ವಸ್ತು ಯಾವುದಾದರೂ ಆಗಬಹುದು. ಇಲ್ಲಿ ಮೈಸೂರು ಶೈಲಿಯ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಮೊದಲು ಅದನ್ನು ಮಾರುವ ಜಾಗಗಳನ್ನು ನೋಡಿ ಬನ್ನಿ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂ, ದಸರಾ ವಸ್ತುಪ್ರದರ್ಶನದ ಮಳಿಗೆಗಳು, ಜೆಎಸ್‌ಎಸ್ ಅರ್ಬನ್ ಹಾತ್‌ನ ಮೇಳಗಳು, ಹೋಟೆಲುಗಳೊಳಗಿನ ಸಣ್ಣ ಅಂಗಡಿಗಳು, ಹೀಗೆ ಒಂದೇ ಅಳತೆಯ ಚಿತ್ರದ ಬೆಲೆ ಎಲ್ಲೆಲ್ಲಿ ಎಷ್ಟಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅನಂತರ ಚಿತ್ರ ಬರೆಯುವವರ ಬಳಿಗೆ ಹೋಗಿ. ಲಾಭ ಎಷ್ಟು ಸಿಗುತ್ತದೆಂದು ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ, ಹಾಗೆ ಕೇಳುವುದು ಸೌಜನ್ಯವೂ ಅಲ್ಲ. ಚಿನ್ನದ ರೇಕನ್ನು ಎಲ್ಲಿಂದ ತರಿಸುತ್ತೀರಿ, ಗೆಸ್ಸೋ, ಅಂದರೆ ರೇಕಿನಡಿ ಉಬ್ಬಾಗಿ ಹಚ್ಚುವ ಲೇಪದ ಕೆಲಸ, ಒಣಗಲು ಮಳೆಗಾಲದಲ್ಲಿ ಎಷ್ಟು ದಿನ ಬೇಕು, ಫ್ರೇಮ್ ಹಾಕಿಸುವ ಖರ್ಚು ಯಾರದು, ಮಾರಾಟವಾಗದ ಚಿತ್ರವನ್ನು ಅಂಗಡಿಯವರು ಹಿಂದಿರುಗಿಸುತ್ತಾರೆಯೇ ಎಂದು ಕೇಳಿದರೆ ಹಿರಿಯರು ಮನಬಿಚ್ಚಿ ಮಾತನಾಡುತ್ತಾರೆ, ಮತ್ತು ವ್ಯವಹಾರದ ಮುಕ್ಕಾಲು ಭಾಗ ಆ ಉತ್ತರಗಳಲ್ಲೇ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮುಂದಿನ ಅಂಕಿಗಳು ಅಭ್ಯಾಸಕ್ಕಾಗಿ ಊಹಿಸಿಕೊಂಡವು. ಬಣ್ಣ, ಹಲಗೆ, ಚಿನ್ನದ ರೇಕಿಗೆ 2,400 ರೂಪಾಯಿ, ಫ್ರೇಮಿಗೆ 1,600, ದಿನಕ್ಕೆ 900 ರೂಪಾಯಿಯಂತೆ 12 ದಿನದ ಕೂಲಿ 10,800, ಬಾಡಿಗೆ, ವಿದ್ಯುತ್ತು, ಓಡಾಟದ ಪಾಲು 1,200. ಅಸಲು 16,000 ರೂಪಾಯಿ ಆಯಿತು. ಕಲಾವಿದನಿಗೆ 2,000 ಲಾಭವೂ ಸೇರಿ 18,000 ಕೈಗೆ ಬರಬೇಕು, ಮಾರಾಟವಾದ ಮೇಲೆ ಅಂಗಡಿಯವರು ಮಾರಿದ ಬೆಲೆಯ ಶೇಕಡಾ 40ರಷ್ಟು ಕಮಿಷನ್ ಹಿಡಿಯುತ್ತಾರೆ ಎಂದಿಟ್ಟುಕೊಳ್ಳಿ. ಬಹುತೇಕ ಹೊಸಬರು 18,000ಕ್ಕೆ ಶೇಕಡಾ 40 ಸೇರಿಸಿ 25,200 ಎಂದು ಬೆಲೆ ಇಡುತ್ತಾರೆ. ಅದರಲ್ಲಿ 10,080 ಕಮಿಷನ್ ಹೋದರೆ ಉಳಿಯುವುದು 15,120, ಅಂದರೆ ಲಾಭವಿರಲಿ, 880 ರೂಪಾಯಿ ಕೈಯಿಂದಲೇ ಹೋಯಿತು. ಕಮಿಷನ್ ಕಳೆದು ಕೈಗೆ ಉಳಿಯುವುದು ಬೆಲೆಯ ಶೇಕಡಾ 60 ಆದ್ದರಿಂದ, ಸರಿಯಾದ ಕ್ರಮವೆಂದರೆ 18,000ವನ್ನು 0.6ರಿಂದ ಭಾಗಿಸುವುದು, ಆಗ ಬೆಲೆ 30,000 ಎಂದು ಬರುತ್ತದೆ. ಆ ಬೆಲೆಗೆ ಗಿರಾಕಿ ಸಿಗದಿದ್ದರೆ ಏನು ಮಾಡಬೇಕು ಎಂಬಲ್ಲಿಂದ ನಿರ್ವಹಣೆಯ ನಿಜವಾದ ಓದು ಶುರುವಾಗುತ್ತದೆ: ಅಳತೆ ಚಿಕ್ಕದು ಮಾಡುವುದೋ, ನೇರವಾಗಿ ಮಾರುವುದೋ, ಮುದ್ರಿತ ಪ್ರತಿಗಳನ್ನು ತರುವುದೋ, ಬೇರೆ ಊರಿನ ಗ್ಯಾಲರಿಯನ್ನು ಹುಡುಕುವುದೋ. ತನ್ನ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯದೆ ಬೆಲೆ ಇಳಿಸುವುದು ಮಾತ್ರ ಪರಿಹಾರವಲ್ಲ, ಏಕೆಂದರೆ ಅದರಿಂದ ಪಕ್ಕದ ಮನೆಯ ಕಲಾವಿದನ ಕೂಲಿಯೂ ಇಳಿಯುತ್ತದೆ.

ಎರಡನೆಯ ಹಂತ ಕಾನೂನು. ವಕೀಲರಾಗುವ ಅಗತ್ಯವಿಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆಯ ಕೆಲವು ಕಲಮುಗಳನ್ನು ನಿಧಾನವಾಗಿ ಓದಿದರೆ ಸಾಕು. 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಹಕ್ಕುದಾರ ಅದನ್ನು ರಚಿಸಿದವನು, ಆದರೆ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಮದುವೆ ಮನೆಗೆಂದು ಬರೆದುಕೊಟ್ಟ ಗಜಲಕ್ಷ್ಮಿ ನಾಳೆ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಬಂದಾಗ ಕಲಾವಿದನು ಸುಮ್ಮನಿರಬೇಕಾಗಿ ಬರುವುದು ಈ ಒಂದು ವಾಕ್ಯದ ದೆಸೆಯಿಂದ. ಹಕ್ಕನ್ನು ಬಿಟ್ಟುಕೊಡುವ ಪತ್ರ ಬರಹದಲ್ಲೇ ಇರಬೇಕು, ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷವೆಂದೂ ಪ್ರದೇಶ ಹೇಳದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ ಎನ್ನುತ್ತದೆ 19ನೆಯ ಕಲಮು. ಹಕ್ಕು ಮಾರಿದ ಮೇಲೂ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರವನ್ನು 57ನೆಯ ಕಲಮು ಕಲಾವಿದನಿಗೆ ಉಳಿಸಿದೆ. ದೆಹಲಿಯ ವಿಜ್ಞಾನ ಭವನದ ಭಿತ್ತಿಶಿಲ್ಪದ ಬಗ್ಗೆ ಅಮರನಾಥ ಸೆಹಗಲ್ ಅವರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2005ರಲ್ಲಿ ಇದನ್ನು ಎತ್ತಿಹಿಡಿಯಿತು.

ವಿನ್ಯಾಸ ಓದುವವರು ಇನ್ನೊಂದು ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಸೀರೆಯ ಸೆರಗಿನದೋ ಪೀಠೋಪಕರಣದ್ದೋ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿಬಿಟ್ಟರೆ ಅದರ ಮೇಲಿನ ಕೃತಿಸ್ವಾಮ್ಯವೇ ಹೋಗುತ್ತದೆ. ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಇರುತ್ತದೆ. ಮೈಸೂರು ರೇಷ್ಮೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಬೀಟೆ ಮರದ ಇನ್‌ಲೇ, ಗಂಜೀಫಾ ಆಟದ ಎಲೆಗಳು ಇವಕ್ಕೆಲ್ಲ ಭೌಗೋಳಿಕ ಸೂಚಕದ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ಇದೆಯೆಂದು ನಾವು ಹೆಮ್ಮೆಪಡುತ್ತೇವೆ. ಆ ಮಾನ್ಯತೆ ಕಾಯುವುದು ಹೆಸರನ್ನು, ಒಬ್ಬೊಬ್ಬ ಕಲಾವಿದನ ಕೃತಿಯನ್ನಲ್ಲ. ತಯಾರಕನು ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಗುರುತು ಮಾಡಿಕೊಳ್ಳಿ.

ಮಾರುಕಟ್ಟೆಯ ಇತಿಹಾಸ ಓದಲು ಜಗನ್ಮೋಹನ ಅರಮನೆಯ ಚಿತ್ರಶಾಲೆಗಿಂತ ಒಳ್ಳೆಯ ಜಾಗ ನಮಗೆ ಬೇರೆ ಇಲ್ಲ. ಅಲ್ಲಿರುವ ರವಿವರ್ಮನ ಚಿತ್ರಗಳ ಮುಂದೆ ನಿಂತು, ಕಲೆಯ ಜೊತೆಗೆ ವ್ಯವಹಾರವನ್ನೂ ಯೋಚಿಸಿ. ಅರಮನೆಗಳಿಗೆ ಬರೆದುಕೊಡುತ್ತಿದ್ದ ಅದೇ ಕಲಾವಿದ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದು ದೇವರ ಚಿತ್ರಗಳನ್ನು ಸಾಮಾನ್ಯರ ಗೋಡೆಗೆ ತಲುಪಿಸಿದ. ಚಿತ್ರಗಳು ಮನೆಮನೆಗೆ ಹೋದರೂ ಮುದ್ರಣಾಲಯ ಸಾಲಕ್ಕೆ ಸಿಲುಕಿ ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೀಷರ್ ಕೈಸೇರಿತು. ಜನಪ್ರಿಯತೆ ಬೇರೆ, ನಗದಿನ ಹರಿವು ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ರವಿವರ್ಮನ ಕೃತಿಗಳನ್ನು ಕಲಾನಿಧಿಯೆಂದು ಘೋಷಿಸಿರುವುದರಿಂದ ಅವನ್ನು ಮಾರಲೆಂದು ದೇಶದ ಹೊರಗೆ ಒಯ್ಯುವಂತಿಲ್ಲ. ಕಾನೂನಿನ ಒಂದು ಘೋಷಣೆ ಖರೀದಿದಾರರ ವಲಯವನ್ನು ಹೇಗೆ ಬದಲಿಸುತ್ತದೆ ಎಂಬುದರ ಮೇಲೆ ಒಂದು ಒಳ್ಳೆಯ ಪ್ರಬಂಧ ಬರೆಯಬಹುದು.

ಪ್ರದರ್ಶನ, ಉತ್ಸವಗಳ ನಿರ್ವಹಣೆಯಲ್ಲಿ ಆಸಕ್ತಿಯಿದ್ದವರು ರಂಗಾಯಣದ ಬಹುರೂಪಿ ನಾಟಕೋತ್ಸವದಂಥ ಕಾರ್ಯಕ್ರಮದಲ್ಲಿ ಸ್ವಯಂಸೇವಕರಾಗಿ ದುಡಿಯುವುದು ಒಳ್ಳೆಯದು. ಟಿಕೆಟ್, ಅತಿಥಿಗಳ ವಸತಿ, ಧ್ವನಿ-ಬೆಳಕು, ಅನುದಾನದ ಬಿಲ್ಲುಗಳು ಇವನ್ನು ಪುಸ್ತಕದಿಂದ ಕಲಿಯುವುದು ಕಷ್ಟ.

ಇಷ್ಟಾದ ಮೇಲೆ ಕೋರ್ಸಿನ ಮಾತು. ಊರು ಬಿಡಲಾಗದವರಿಗೆ ಮಾನಸಗಂಗೋತ್ರಿಯ ಬಿ.ಎನ್. ಬಹದ್ದೂರ್ ನಿರ್ವಹಣಾ ವಿಜ್ಞಾನ ಸಂಸ್ಥೆಯ ಎಂಬಿಎ ಇದೆ; ಕೆಲಸ ಮಾಡುತ್ತಲೇ ಓದುವವರಿಗೆ ಮುಕ್ತಗಂಗೋತ್ರಿಯಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಕಲಿಸುವುದು ಸಾಮಾನ್ಯ ನಿರ್ವಹಣೆ, ಕಲೆಗೆ ಅದನ್ನು ಹೊಂದಿಸಿಕೊಳ್ಳುವ ಹೊಣೆ ನಿಮ್ಮದೇ. ಬೆಂಗಳೂರಿನ ನಿಫ್ಟ್‌ನಲ್ಲಿರುವ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಫ್ಯಾಷನ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿಗೆ ಯಾವ ವಿಷಯದ ಪದವೀಧರರಾದರೂ ಪ್ರವೇಶ ಪರೀಕ್ಷೆ ಬರೆಯಬಹುದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಗಾಂಧಿನಗರ ಆವರಣದಲ್ಲಿ ಸ್ಟ್ರಾಟೆಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ಎಂಬ ಎಂ.ಡೆಸ್ (ವಿನ್ಯಾಸದ ಸ್ನಾತಕೋತ್ತರ ಪದವಿ) ವಿಭಾಗವಿದ್ದು, ವಿನ್ಯಾಸವನ್ನೇ ಸಂಸ್ಥೆಯ ಕಾರ್ಯನೀತಿಯ ಭಾಗವಾಗಿ ನೋಡುವವರಿಗೆ ಅದು ಹೊಂದುತ್ತದೆ. ನನ್ನ ಅಭಿಪ್ರಾಯದಲ್ಲಿ, ಕೈಕಸುಬಿನ ಕ್ಷೇತ್ರದಲ್ಲೇ ಉಳಿಯಬೇಕೆಂದಿರುವವರು ಪದವಿ ಮುಗಿದ ಕೂಡಲೇ ಓಡಿಹೋಗಿ ಸೇರುವ ಬದಲು, ಒಂದೆರಡು ವರ್ಷ ಯಾವುದಾದರೂ ಕಾರ್ಯಾಗಾರದ ಜಮಾಖರ್ಚು ಬರೆದು ಆಮೇಲೆ ಸೇರುವುದು ಲೇಸು.

ಅರ್ಜಿಯ ಜೊತೆ ಉದ್ದೇಶ ಪತ್ರ ಕೇಳುವಲ್ಲಿ ಬಾಲ್ಯದಿಂದಲೂ ಕಲೆಯಲ್ಲಿ ಆಸಕ್ತಿ ಎಂದು ಆರಂಭಿಸಬೇಡಿ. ನೀವು ಅಭ್ಯಾಸ ಮಾಡಿದ ಆ ಒಂದು ಚಿತ್ರದ ಅಸಲು, ಕಮಿಷನ್, ಕರಾರಿನಲ್ಲಿ ಕಂಡ ಲೋಪ, ಅದನ್ನು ಸರಿಪಡಿಸಲು ನಿಮಗೆ ತೋಚಿದ ದಾರಿ ಇವನ್ನು ಎರಡು ಪುಟದಲ್ಲಿ ಬರೆಯಿರಿ. ಕಲಾವಿದರ ಹೆಸರು, ಅವರು ನಂಬಿ ಹೇಳಿದ ಬೆಲೆಗಳನ್ನು ಅವರ ಒಪ್ಪಿಗೆಯಿಲ್ಲದೆ ಸೇರಿಸಬೇಡಿ. ಸೇರಿಸುವುದಾದರೆ ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ.