ಬರ್ಡಾನ್ ಕೇಸ್ ಬಿಟ್ಟು ಬಾಕ್ಸರ್‌ಗೆ ಬಂದದ್ದು: ನನ್ನ ಅನುಭವ

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸ್‌ಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ತುಂಬಿ ನಾನು ಮತ್ತೆ ಬಳಸುತ್ತೇನೆ. ಪ್ರೈಮರ್ ವ್ಯವಸ್ಥೆಯಲ್ಲಿ ಬರ್ಡಾನ್, ಬಾಕ್ಸರ್ ಎಂದು ಎರಡು ಬಗೆ. ಖಾಲಿ ಕೇಸ್ ಕೈಗೆ ಬಂದರೆ ಮೊದಲು ಅದರ ಬಾಯಿಗೆ ಟಾರ್ಚ್ ಹಿಡಿದು ತಳ ನೋಡುತ್ತೇನೆ. ನಟ್ಟನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್. ನಡುವನ್ನು ಬಿಟ್ಟು ಆಚೀಚೆ ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡಾನ್. ಹೀಗೆ ನೋಡದೆ ಬರ್ಡಾನ್ ಕೇಸನ್ನು ಸಾಮಾನ್ಯ ಡೈಗೆ (ಕೇಸನ್ನು ಮೂಲ ಅಳತೆಗೆ ತರುವ ಅಚ್ಚಿಗೆ) ತೂರಿಸಿದರೆ, ಪ್ರೈಮರ್ ತಳ್ಳುವ ಸೂಜಿ ಗಟ್ಟಿ ಹಿತ್ತಾಳೆಗೆ ಗುದ್ದಿ ಬಾಗುತ್ತದೆ ಇಲ್ಲವೇ ಮುರಿಯುತ್ತದೆ.

ಎರಡೂ 1866ರ ಕಾಲದ ವಿನ್ಯಾಸಗಳು. ಹೈರಮ್ ಬರ್ಡಾನ್ ಅಮೆರಿಕದವರು, ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ. ಕಾಲಕ್ರಮದಲ್ಲಿ ಯುರೋಪಿನ ಸೈನ್ಯಗಳು ಹೆಚ್ಚಾಗಿ ಬರ್ಡಾನ್ ಹಿಡಿದವು, ಅಮೆರಿಕ ಬಾಕ್ಸರ್ ಹಿಡಿಯಿತು. ವ್ಯತ್ಯಾಸವೆಲ್ಲ ಅಡಿಗಲ್ಲು (ಬಂದೂಕಿನ ಸೂಜಿ ಹೊಡೆದಾಗ ಪ್ರೈಮರಿನ ಸ್ಫೋಟಕ ಜಜ್ಜಿಹೋಗುವ ಮೊನೆ) ಎಲ್ಲಿದೆ ಎಂಬುದರಲ್ಲಿದೆ. ಬಾಕ್ಸರ್‌ನಲ್ಲಿ ಅದು ಪ್ರೈಮರಿನೊಳಗೇ ಕೂತಿರುತ್ತದೆ, ಬರ್ಡಾನ್‌ನಲ್ಲಿ ಕೇಸಿನ ಹಿತ್ತಾಳೆಯದೇ ಭಾಗ. ಹಾಗಾಗಿ ಬರ್ಡಾನ್ ಕೇಸಿನ ಆಯುಷ್ಯ ಆ ಪುಟ್ಟ ಮೊನೆಯ ಮೇಲೆ ನಿಂತಿದೆ. ಅದು ಜಜ್ಜಿದರೆ ಹೊಸ ಪ್ರೈಮರ್ ಹೊತ್ತಿಕೊಳ್ಳುತ್ತದೆಂಬ ಭರವಸೆಯಿಲ್ಲ.

ಸುಟ್ಟ ಬರ್ಡಾನ್ ಪ್ರೈಮರ್ ತೆಗೆಯಲು ಕೊಕ್ಕೆಯ ಉಪಕರಣವೊಂದಿದೆ. ಪ್ರೈಮರಿನ ಅಂಚಿಗೆ ಚುಚ್ಚಿ ಮೀಟಿ ಎಬ್ಬಿಸುತ್ತದೆ. ನನಗೆ ಅದು ಹಿಡಿಸಲಿಲ್ಲ. ಕೊಕ್ಕೆ ಸ್ವಲ್ಪ ಆಳಕ್ಕಿಳಿದರೂ ಅಡಿಗಲ್ಲಿಗೆ ಅಥವಾ ಪ್ರೈಮರ್ ಕೂರುವ ಗುಳಿಯ ಗೋಡೆಗೆ ಗೀರು ಬೀಳುತ್ತದೆ. ನಾನು ನಂಬಿದ್ದು ನೀರನ್ನು. ಡೈಯಿಂದ ಸೂಜಿ ಬಿಚ್ಚಿಟ್ಟು ಮೊದಲು ಕೇಸನ್ನು ಅಳತೆಗೆ ತರುತ್ತೇನೆ, ಇಲ್ಲವಾದರೆ ಹಿಗ್ಗಿದ ಕತ್ತಿನಲ್ಲಿ ಸರಳು ಬಿಗಿಯಾಗಿ ಕೂರುವುದಿಲ್ಲ. ಕೇಸಿನ ತುಂಬ ನೀರು ತುಂಬಿ, ಕತ್ತಿಗೆ ಸರಿಹೊಂದುವ ಉಕ್ಕಿನ ಸರಳನ್ನು ಇಟ್ಟು ಸುತ್ತಿಗೆಯಿಂದ ಒಮ್ಮೆ ಬಿಗಿಯಾಗಿ ಹೊಡೆದರೆ, ಪಿಚಕಾರಿಯಂತೆ ಎರಡು ರಂಧ್ರಗಳಿಂದ ನುಗ್ಗಿದ ನೀರು ಪ್ರೈಮರನ್ನು ಹೊರದಬ್ಬುತ್ತದೆ. ಕನ್ನಡಕ ಬೇಕೇ ಬೇಕು. ಸಿಡಿಯದ ಪ್ರೈಮರ್ ಇರುವ ಕೇಸನ್ನು ಈ ಕೆಲಸಕ್ಕೆ ನಾನು ಮುಟ್ಟುವುದಿಲ್ಲ. ಸೇನೆಯ ಕೇಸ್‌ಗಳಲ್ಲಿ ಪ್ರೈಮರಿನ ಸುತ್ತ ಹಿತ್ತಾಳೆಯನ್ನು ಅದುಮಿ ಬಿಗಿಮಾಡಿರುತ್ತಾರೆ. ಅವು ಹಟ ಹಿಡಿಯುತ್ತವೆ. ಆಮೇಲೆ ಒಣಗಿಸುವುದು ಬೇರೆ: ಆ ಸಣ್ಣ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ.

ಒಂದು ಲಾಭವೂ ಉಂಟು. ಹಳೆಯ ಸೇನಾ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರಿ ಲೋಹವನ್ನು ತಿನ್ನುತ್ತದೆ. ನೀರು ಅದನ್ನೂ ತೊಳೆಯುತ್ತದೆ. ಆದರೆ ಪಾದರಸದ ಪ್ರೈಮರ್ ಸಿಡಿದ ಕೇಸ್‌ಗಳನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಪಾದರಸ ಹಿತ್ತಾಳೆಯೊಳಗೇ ಸೇರಿ ಅದನ್ನು ಪೆಡಸಾಗಿಸಿರುತ್ತದೆ. ಅವು ನೇರವಾಗಿ ಗುಜರಿಗೆ.

ಇಷ್ಟು ದುಡಿಮೆಗೆ ನಾನು ಬೇಸರಿಸಿರಲಿಲ್ಲ. ಸ್ವಿಸ್ ರೈಫಲ್‌ನ 7.5×55 ಅಳತೆಯ ಸೇನಾ ಕೇಸಿನ ಹಿತ್ತಾಳೆಯ ಗುಣ ಕಂಡವರಿಗೆ ಅದನ್ನು ಎಸೆಯಲು ಮನಸ್ಸೇ ಬರುವುದಿಲ್ಲ. ನನ್ನನ್ನು ಬಾಕ್ಸರ್ ಕಡೆಗೆ ತಿರುಗಿಸಿದ್ದು ಪ್ರೈಮರ್. ಬಾಕ್ಸರ್‌ನಲ್ಲಿ ಸಾಮಾನ್ಯ ರೈಫಲ್‌ಗೆ ಎರಡೇ ವ್ಯಾಸ: ಸುಮಾರು 4.45 ಮತ್ತು 5.33 ಮಿ.ಮೀ. ಬರ್ಡಾನ್‌ನಲ್ಲಿ 4.5, 5.5, 6.45 ಎಂದು ಹಲವು, ವ್ಯಾಸ ಒಂದೇ ಆದರೂ ಎತ್ತರ ಬೇರೆ ಇರಬಹುದು. ಎತ್ತರ ಕಡಿಮೆಯಾದರೆ ಪ್ರೈಮರ್ ಅಡಿಗಲ್ಲಿಗೆ ತಾಗುವುದಿಲ್ಲ, ಹೆಚ್ಚಾದರೆ ತಳದಿಂದ ಹೊರಗೆ ಚಾಚಿ ಬೋಲ್ಟ್ (ಕೇಸಿನ ಹಿಂದೆ ಕೂರುವ ಬಂದೂಕಿನ ಭಾಗ) ಮುಚ್ಚುವಾಗಲೇ ಅಪಾಯ ತರುತ್ತದೆ. ಸರಿಯಾದ ಅಳತೆಯದು ಸಿಗದ ದಿನ, ತೊಳೆದು ಹೊಳಪಿಸಿದ ಕೇಸ್‌ಗಳ ರಾಶಿ ಸುಮ್ಮನೆ ಕೂರುತ್ತದೆ.

ಅಡಿಗಲ್ಲನ್ನು ಕೊರೆದು ತೆಗೆದು, ನಡುವೆ ರಂಧ್ರ ಮಾಡಿ, ಬಾಕ್ಸರ್ ಪ್ರೈಮರ್ ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 5.5ರ ಗುಳಿಯಲ್ಲಿ 5.33ರ ಪ್ರೈಮರ್ ಸಡಿಲ. ಬಿಸಿ ಅನಿಲ ಸುತ್ತಲಿಂದ ಸೋರಿ ಬೋಲ್ಟ್‌ನ ಮುಖವನ್ನು ಕೊರೆಯುತ್ತದೆ, ಶೂಟರ್‌ನ ಕಣ್ಣು ಅಲ್ಲಿಂದ ದೂರವಿಲ್ಲ. ಕೇಸಿನ ತಳ ಇಡೀ ಒತ್ತಡವನ್ನು ತಡೆಯುವ ಜಾಗ. ಅಲ್ಲಿ ಕೊರೆಯುವ ಯಂತ್ರಕ್ಕೆ ಕೆಲಸವಿಲ್ಲ.

ಹೀಗಾಗಿ ಬಾಕ್ಸರ್ ಕೇಸ್ ತಯಾರಾಗುವ ಎಲ್ಲ ಕ್ಯಾಲಿಬರ್‌ಗೂ ಹೊಸ ಕೇಸ್ ಕೊಂಡೆ. ಬದಲಾಯಿಸುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ಕ್ಯಾಲಿಬರ್ ಅದೇ, ಗುಂಡು ಅದೇ ಎಂದು ಹಳೆಯ ಮದ್ದಿನ ಅಳತೆಯನ್ನು ಹೊಸ ಕೇಸಿಗೆ ಹಾಕಬೇಡಿ. ಗೋಡೆಯ ದಪ್ಪ ಬದಲಾದರೆ ಒಳಗಿನ ಜಾಗ ಬದಲಾಗುತ್ತದೆ. ಜಾಗ ಕಡಿಮೆಯಾದರೆ ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ನಾನು ಎರಡೂ ಬಗೆಯ ಕೇಸ್‌ಗಳಲ್ಲಿ ನೀರು ತುಂಬಿ ತೂಗಿ ನೋಡಿ, ಪ್ರಕಟಿತ ಕೈಪಿಡಿಯ ಆರಂಭಿಕ ಅಳತೆಯಿಂದ ಪುನಃ ಶುರುಮಾಡಿದೆ.

ಬಾಕ್ಸರ್ ಕೇಸ್ ಸಿಗದ ಹಳೆಯ ಕ್ಯಾಲಿಬರೊಂದಕ್ಕೆ ಮಾತ್ರ ಈಗಲೂ ನೀರು, ಸರಳು, ಸುತ್ತಿಗೆ. ಅದರ ಪ್ರೈಮರ್ ಸಿಕ್ಕಾಗ ಹೆಚ್ಚಿಗೆ ಕೊಂಡು, ಅವು ಬಂದ ಡಬ್ಬಿಯಲ್ಲೇ ಇಡುತ್ತೇನೆ. ಬಳಸುವ ಮೊದಲು ವ್ಯಾಸ, ಎತ್ತರ ಎರಡನ್ನೂ ಡಬ್ಬಿಯ ಮೇಲಿನ ಅಳತೆಯೊಡನೆ ತಾಳೆ ನೋಡುತ್ತೇನೆ.