ಹಳೆಯ ರವಿವರ್ಮ ಚಿತ್ರ ಕೊಳ್ಳುವ ಮೊದಲು

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯ ಲಕ್ಷ್ಮಿ, ಸರಸ್ವತಿ ಚಿತ್ರ ಕಂಡ ಕೂಡಲೇ ದುಡ್ಡು ತೆಗೆಯಬೇಡಿ. ಭೂತಗನ್ನಡಿಯೊಂದು ಜೇಬಿನಲ್ಲಿರಲಿ. ದೇವಿಯ ಕೆನ್ನೆಯ ಮೇಲೆ ಹಿಡಿದು ನೋಡಿ: ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದ, ಹಳೆಯ ಪ್ರತಿಯಲ್ಲಿ ಚುಕ್ಕೆಗಳು ಕೈಯಿಂದ ಇಟ್ಟಂತೆ ಚೆದುರಿರುತ್ತವೆ; ಈಚಿನ ಆಫ್‌ಸೆಟ್ ಯಂತ್ರದ ಮರುಮುದ್ರಣದಲ್ಲಿ ರಂಗೋಲಿಯ ಚುಕ್ಕೆಗಳಂತೆ ಅಳತೆ ಮಾಡಿಟ್ಟ ಸಾಲು.

ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ, ಆಮೇಲೆ ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಹಾಗಾಗಿ ಕೆಳಗಿನ ಅಂಚಿನ ಅಕ್ಷರಗಳನ್ನು ಓದಿ; ಅಲ್ಲಿ ಮುದ್ರಣಾಲಯದ ಹೆಸರು, ಊರು ಇದ್ದರೆ ಪ್ರತಿಯ ಕಾಲ ಅಂದಾಜು ಮಾಡಬಹುದು. ಚೌಕಟ್ಟಿಗೆ ಹೊಂದಿಸಲು ಆ ಅಂಚನ್ನೇ ಕತ್ತರಿಸಿದ್ದರೆ ಬೆಲೆ ತಗ್ಗುತ್ತದೆ. ಚಿತ್ರದೊಳಗಿನ ಸಹಿಯೂ ಅಚ್ಚಾದದ್ದೇ. ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ.

ಸಣ್ಣ ಕಂದು ಕಲೆಗಳಿದ್ದರೆ ನಾನು ಹಿಂಜರಿಯುವುದಿಲ್ಲ. ಹೆದರಬೇಕಾದದ್ದು ಗಾಜಿಗೆ ಅಂಟಿಕೊಂಡ ಕಾಗದಕ್ಕೆ. ಎಳೆದರೆ ಬಣ್ಣವೇ ಕಿತ್ತು ಬರುತ್ತದೆ. ನಮ್ಮ ಅಜ್ಜಿಯ ಮನೆಯ ಸರಸ್ವತಿಯ ವೀಣೆ ಹೀಗೆಯೇ ಹೋಯಿತು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸೀರೆಯ ಭಾಗಕ್ಕೆ ಜರಿ, ಚಮಕಿ ಅಂಟಿಸಿದ ಪ್ರತಿ ಸಿಕ್ಕರೆ ದೋಷವೆಂದು ಕೀಳಬೇಡಿ. ಅದು ಆ ಕಾಲದವರು ಭಕ್ತಿಯಿಂದ ಮಾಡಿದ ಅಲಂಕಾರ, ಸಂಗ್ರಾಹಕರು ಅದನ್ನೇ ಹುಡುಕುತ್ತಾರೆ. ಧೂಳಿದ್ದರೆ ಮೆತ್ತನೆಯ ಒಣ ಕುಂಚ ಸಾಕು, ಒದ್ದೆ ಬಟ್ಟೆ ತಾಕಿಸಲೇಬೇಡಿ.